ಕಂಕುಳಲ್ಲಿ ಫ್ಲಾಸ್ಕ್ ಇಟ್ಟುಕೊಂಡು ಇಳಿಯುವವರು

ನನ್ನ ಭಾವ ಎಲ್ಬಿಯೊ ಬರಿಯೋಲಾ ಲಾರಿಯಿಂದ ಬಿದ್ದದ್ದು ನನ್ನ ಹೋಟೆಲಿನ ಎದುರಿಗೇ. ಕಣ್ಣಾರೆ ನೋಡಿದವಳು ನಾನು, ಆದ್ದರಿಂದ ಹೇಳುವ ಹಕ್ಕು ನನಗಿದೆ. ಊರಿನ ಉಳಿದವರೆಲ್ಲ ನೋಡದೆಯೇ ಹೇಳುತ್ತಾರೆ, ಅದೂ ನನ್ನ ಮೇಜಿನ ಮುಂದೆಯೇ ಕೂತು, ನನಗೇ ಹೇಳುತ್ತಾರೆ.

ನುಯೆವಾ ಪಾಲ್ಮಿರಾ ಬಂದರಿಗೆ ಸೋಯಾ ಹೊತ್ತು ತರುವ ಲಾರಿಗಳು ಸರದಿಗೆ ಕಾಯುವ ಮೈದಾನ ನನ್ನ ಹೋಟೆಲಿನ ಮುಂದಿದೆ. ಕೊಯ್ಲಿನ ಕಾಲದಲ್ಲಿ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಚಾಲಕರು ಇಳಿಯುತ್ತಾರೆ, ನನ್ನಲ್ಲಿ ಬಂದು ಹೊಟ್ಟೆ ತುಂಬಿಸಿಕೊಳ್ಳುತ್ತಾರೆ, ಫ್ಲಾಸ್ಕಿಗೆ ಬಿಸಿನೀರು ತುಂಬಿಸಿಕೊಳ್ಳುತ್ತಾರೆ, ಮತ್ತೆ ಹತ್ತುತ್ತಾರೆ. ದಿನವಿಡೀ ಇದೇ ಹತ್ತಿಳಿಯುವ ಆಟ. ಮೈದಾನದಲ್ಲಿ ಒಂದೆಡೆ ಕೆಸರು, ಇನ್ನೊಂದೆಡೆ ಉದುರಿದ ಸೋಯಾ ಕಾಳು. ಎರಡರಲ್ಲಿ ಯಾವುದರ ಮೇಲೆ ಕಾಲಿಟ್ಟರೂ ಜಾರುತ್ತದೆ.

ನಮ್ಮ ದೇಶದಲ್ಲಿ ಮನುಷ್ಯನಿಗೆ ಎರಡು ಕೈ ಎನ್ನುವುದು ಹೆಸರಿಗೆ ಮಾತ್ರ. ಎಡಗೈ ಮಾಟೆಯ ಪಾಲು, ನಾವು ದಿನವಿಡೀ ಹೀರುವ ಸೊಪ್ಪಿನ ಕಷಾಯದ ಪಾಲು. ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕ್, ಅದೇ ಕೈಯ ಬೆರಳುಗಳಲ್ಲಿ ಮಾಟೆ ಸೊಪ್ಪು ತುಂಬಿದ ಸೋರೆ ಬುರುಡೆ, ಬುರುಡೆಯಲ್ಲಿ ಚೀಪಲು ಲೋಹದ ಕೊಳವೆ. ನಾವು ಬ್ಯಾಂಕಿಗೆ ಹೋಗುವುದು ಹೀಗೆ, ಸಾವಿನ ಮನೆಗೆ ಹೋಗುವುದೂ ಹೀಗೆ. ಮದುವೆಯ ಫೋಟೊದಲ್ಲಿ ನನ್ನ ಅಕ್ಕನ ಪಕ್ಕ ಎಲ್ಬಿಯೊ ನಿಂತಿರುವುದೂ ಹೀಗೆಯೇ. ಅಕ್ಕ ಅವನ ಬಲಗೈ ಹಿಡಿದಿದ್ದಾಳೆ, ಎಡಗಡೆ ಅವಳಿಗೆ ಜಾಗವಿರಲಿಲ್ಲ.

ಲಾರಿಯ ಕ್ಯಾಬಿನ್ ಆಳೆತ್ತರದಲ್ಲಿರುತ್ತದೆ. ಅದರಿಂದ ಇಳಿಯಬೇಕಾದ್ದು ಮುಖವನ್ನು ಗಾಡಿಯ ಕಡೆ ಮಾಡಿ, ಎರಡೂ ಕೈಯಲ್ಲಿ ಹಿಡಿಕೆ ಹಿಡಿದು, ಒಂದೊಂದೇ ಕಾಲು ಇಳಿಸುತ್ತ. ನಮ್ಮವರು ಬಾಗಿಲು ತೆರೆದು, ಮುಖವನ್ನು ಲೋಕದ ಕಡೆ ಮಾಡಿ, ಬಲಗೈಯನ್ನು ಬಾಗಿಲಿಗೆ ತಾಗಿಸಿದಂತೆ ಮಾಡಿ, ಕೊನೆಯ ಮೆಟ್ಟಿಲಿನಿಂದ ಹಾರುತ್ತಾರೆ. ಎಡಗೈ ಮಾಟೆಯದಲ್ಲವೇ. ಎಲ್ಬಿಯೊ ಮೂವತ್ತು ವರ್ಷ ಹೀಗೆ ಇಳಿದ. ಚೆನ್ನಾಗಿಯೇ ಇಳಿಯುತ್ತಿದ್ದ.

ಬಿದ್ದದ್ದು ಚಳಿಗಾಲದ ಒಂದು ಬೆಳಿಗ್ಗೆ. ಹುಲ್ಲಿನ ಮೇಲೆ ಬಿಳಿಯಾಗಿ ಮಂಜು ಕಟ್ಟಿತ್ತು, ಲಾರಿಯ ಮೆಟ್ಟಿಲಿನ ಮೇಲೂ ಕಟ್ಟಿತ್ತು. ಅವನ ಕಾಲಲ್ಲಿ ಹಗ್ಗದ ಅಟ್ಟೆಯ ಬಟ್ಟೆ ಚಪ್ಪಲಿ. ಕ್ಯಾಬಿನ್ ಕೊಳೆಯಾಗಬಾರದೆಂದು ಚಾಲಕರೆಲ್ಲ ಒಳಗೆ ಅದನ್ನೇ ಹಾಕುತ್ತಾರೆ, ಇಳಿಯುವಾಗ ಬದಲಾಯಿಸಲು ಸೋಮಾರಿತನ. ಜಾರಿದ ಮೇಲೆ ನೆಲ ಮುಟ್ಟುವುದರೊಳಗೆ ಮನುಷ್ಯನಿಗೆ ಯೋಚಿಸಲು ಹೊತ್ತು ಸಿಗುವುದಿಲ್ಲ ಎನ್ನುತ್ತಾರೆ. ಎಲ್ಬಿಯೊಗೆ ಸಿಕ್ಕಿತು. ಅವನು ಫ್ಲಾಸ್ಕನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡ.

ಎಡ ಭುಜದ ಮೂಳೆ ಮುರಿಯಿತು. ಪಕ್ಕೆಲುಬುಗಳೂ ಮುರಿದವು. ಅವು ಮುರಿದದ್ದು ಫ್ಲಾಸ್ಕಿನಿಂದಲೇ, ಉಕ್ಕಿನದು. ಫ್ಲಾಸ್ಕಿಗೆ ಏನೂ ಆಗಲಿಲ್ಲ. ನಾನು ಸೌಟು ಹಿಡಿದುಕೊಂಡೇ ಓಡಿದೆ. ಮುಖ ಬಿಳಿಚಿಕೊಂಡು ಮಲಗಿದ್ದವನು ನನ್ನನ್ನು ನೋಡಿ, "ತುಂಬಿಸಿಡು, ನಿಬಿಯಾ" ಅಂದ. ಆಗಲೇ ಗೊತ್ತಾದದ್ದು, ಅದರಲ್ಲಿ ತೊಟ್ಟು ನೀರೂ ಇರಲಿಲ್ಲ. ತುಂಬಿಸಿಕೊಳ್ಳಲು ನನ್ನಲ್ಲಿಗೇ ಬರುತ್ತಿದ್ದ. ಖಾಲಿ ಡಬ್ಬಿ ಉಳಿಸಲು ಭುಜ ಕೊಟ್ಟಿದ್ದ.

ಚಾಲಕರು ಅವನನ್ನು ಹೊಗಳಿ ಅಟ್ಟಕ್ಕೇರಿಸಿದರು. ಆಸ್ಪತ್ರೆಗೆ ನೋಡಲು ಹೋದವರು ಮೊದಲು ಕೇಳುತ್ತಿದ್ದದ್ದು ಫ್ಲಾಸ್ಕನ್ನು. ಕೈಯಿಂದ ಕೈಗೆ ದಾಟಿಸಿ, ತಿರುಗಿಸಿ ನೋಡಿ, ಒಂದು ಗೀರೂ ಇಲ್ಲವಲ್ಲ ಮಾರಾಯ ಎಂದು ತಲೆದೂಗಿ, ಆಮೇಲೆ ಭುಜ ಹೇಗಿದೆ ಎಂದು ವಿಚಾರಿಸುತ್ತಿದ್ದರು. ಭುಜ ಚೆನ್ನಾಗಿರಲಿಲ್ಲ. ಆ ಕೈ ಎದೆಯಿಂದ ಮೇಲಕ್ಕೆ ಇನ್ನೆಂದೂ ಏಳುವುದಿಲ್ಲ ಎಂದು ಡಾಕ್ಟರು ಹೇಳಿದರು. ದೊಡ್ಡ ಗಾಡಿ ಓಡಿಸುವ ಪರವಾನಗಿ ಹೋಯಿತು. ಲಾರಿ ಮಗಳು ಅನಾಲಿಯಾಳ ಕೈಗೆ ಬಂತು.

ಅನಾಲಿಯಾ ಬೆಳೆದದ್ದೇ ಆ ಲಾರಿಯಲ್ಲಿ. ಅಕ್ಕ ತೀರಿಕೊಂಡಾಗ ಇವಳಿನ್ನೂ ಪುಟ್ಟವಳು. ನನ್ನ ಹತ್ತಿರ ಬಿಡು, ನಾನು ಸಾಕುತ್ತೇನೆ ಎಂದು ಎಲ್ಬಿಯೊ ಜೊತೆ ಜಗಳವಾಡಿದೆ. ಅವನು ಕೇಳಲಿಲ್ಲ. ಸೀಟಿನ ಹಿಂದೆ ಹಾಸಿಗೆ ಮಾಡಿ ಮಲಗಿಸಿದ, ದೇಶವೆಲ್ಲ ಸುತ್ತಿಸಿದ. ಲಾರಿ ನಿಂತರೆ ಮೊದಲು ಅಪ್ಪ ಇಳಿಯುತ್ತಿದ್ದ, ಕಂಕುಳಲ್ಲಿ ಫ್ಲಾಸ್ಕ್. ಹಿಂದೆಯೇ ಮಗಳು ಇಳಿಯುತ್ತಿದ್ದಳು, ಕಂಕುಳಲ್ಲಿ ಗೊಂಬೆ. ಕೊನೆಯ ಮೆಟ್ಟಿಲಿನಿಂದ ಇಬ್ಬರೂ ಹಾರುತ್ತಿದ್ದರು. ನೋಡಿ ಎಲ್ಲರೂ ನಗುತ್ತಿದ್ದೆವು. ಚೆನ್ನಾಗಿ ಕಾಣುತ್ತಿತ್ತು, ಸುಳ್ಳೇಕೆ ಹೇಳಲಿ.

ಅವಳು ಮೊದಲ ಸಲ ಒಬ್ಬಳೇ ಲೋಡು ತಂದ ದಿನ ಎಲ್ಬಿಯೊ ಕೈಗೆ ಪಟ್ಟಿ ಕಟ್ಟಿಕೊಂಡು ನನ್ನ ಹೋಟೆಲಿನ ಬೆಂಚಿನ ಮೇಲೆ ಕೂತಿದ್ದ. ಲಾರಿ ನಿಂತಿತು, ಬಾಗಿಲು ತೆರೆಯಿತು. ಅನಾಲಿಯಾ ಮುಖವನ್ನು ಲೋಕದ ಕಡೆ ಮಾಡಿ, ಫ್ಲಾಸ್ಕನ್ನು ಕಂಕುಳಲ್ಲಿಟ್ಟು, ಕೊನೆಯ ಮೆಟ್ಟಿಲಿನಿಂದ ಹಾರಿದಳು. ಎಲ್ಬಿಯೊ ಬೆಂಚಿನ ಅಂಚನ್ನು ಸರಿಯಿದ್ದ ಕೈಯಲ್ಲಿ ಹಿಡಿದುಕೊಂಡ.

"ಇಳಿದಿದ್ದು ನೋಡಿದೆಯಾ?" ಎಂದು ನನ್ನನ್ನು ಕೇಳಿದ.

"ನೋಡಿದೆ. ಥೇಟ್ ನಿನ್ನ ಹಂಗೇ ಇಳಿದಳು."

"ಅದನ್ನೇ ಕೇಳಿದ್ದು."

ಅಲ್ಲಿಂದ ಮುಂದೆ ಅವನ ತಲೆಯಲ್ಲಿ ಒಂದೇ ಇತ್ತು. ಈ ಹುಡುಗಿ ಬೀಳಬಾರದು. ಅವಳಿಗೆ ಹೇಳಿದ, ಗದರಿದ, ಗೋಗರೆದ. ಮೆಟ್ಟಿಲಿಗೆ ಉಪ್ಪುಕಾಗದದಂಥ ಒರಟು ಪಟ್ಟಿ ಅಂಟಿಸಿದ. ಹಗ್ಗದ ಚಪ್ಪಲಿ ಕಿತ್ತು ಒಲೆಗೆ ಹಾಕಿದ. ಅವಳು ಹೊಸ ಜೊತೆ ಕೊಂಡಳು. ಮೂವತ್ತು ವರ್ಷ ನೀನೂ ಹೀಗೇ ಇಳಿದೆಯಲ್ಲಪ್ಪ, ಬಿದ್ದದ್ದು ಒಂದೇ ಸಲ ತಾನೆ, ಎಂದಳು.

ಅಷ್ಟರಲ್ಲಿ ಮೈದಾನ ನಡೆಸುವವರಿಗೆ ಚಾಲಕರು ಬೀಳುವುದು ದೊಡ್ಡ ತಲೆನೋವಾಗಿತ್ತು. ಒಬ್ಬ ಕಾಲು ಮುರಿದುಕೊಂಡರೆ ಅವನ ಹಿಂದಿನ ಲಾರಿಗಳೆಲ್ಲ ನಿಲ್ಲುತ್ತವೆ. ರಾಜಧಾನಿಯಿಂದ ಒಬ್ಬ ತರಬೇತಿಯವನನ್ನು ಕರೆಸಿದರು. ಒಳ್ಳೆಯ ಹುಡುಗ, ಸ್ಪಷ್ಟವಾಗಿ ಮಾತಾಡಿದ. ಎರಡು ಕೈ ಎರಡು ಕಾಲುಗಳಲ್ಲಿ ಮೂರು ಯಾವಾಗಲೂ ಗಾಡಿಗೆ ಅಂಟಿಕೊಂಡಿರಬೇಕು ಎಂದ. ಹತ್ತಿ ತೋರಿಸಿದ, ಇಳಿದು ತೋರಿಸಿದ, ಬೆಕ್ಕಿನ ಹಾಗೆ ಇಳಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಅವನಿಗೆ ತನ್ನ ಫ್ಲಾಸ್ಕ್ ಮೇಲೆಯೇ ಉಳಿಯಿತೆಂದು ನೆನಪಾಯಿತು. ಹತ್ತಿದ, ಕಂಕುಳಿಗೆ ಸಿಗಿಸಿಕೊಂಡ, ಮುಖವನ್ನು ನಮ್ಮ ಕಡೆ ಮಾಡಿ ಇಳಿದ, ಕೊನೆಯ ಮೆಟ್ಟಿಲಿನಿಂದ ಹಾರಿದ. ಯಾರೂ ನಗಲಿಲ್ಲ. ಯಾರಿಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಎಲ್ಬಿಯೊಗೆ ಕಂಡಿತು. ಮರುದಿನವೇ ಮೈದಾನದ ಆಫೀಸಿಗೆ ಹೋಗಿ, ಆ ಕೆಲಸ ನನಗೆ ಕೊಡಿ ಎಂದ. ಏನು ಮಾಡುತ್ತೀಯ ಎಂದು ಕೇಳಿದರು. ಮಾಟೆ ಕುಡಿಯುತ್ತೇನೆ ಎಂದ. ಭುಜ ಮುರಿದವನೆಂಬ ಕನಿಕರಕ್ಕೆ ಕೊಟ್ಟರು.

ಅವನ ಉಪಾಯ ಇಷ್ಟೇ. ನಮ್ಮಲ್ಲಿ ಯಾರಾದರೂ ಮಾಟೆ ಕೇಳಿದರೆ ಇಲ್ಲವೆನ್ನುವ ಹಾಗಿಲ್ಲ. ಹೆಂಡತಿಯನ್ನು ಬಿಟ್ಟವರಿದ್ದಾರೆ, ಅಣ್ಣನ ಮೇಲೆ ಕೇಸು ಹಾಕಿದವರಿದ್ದಾರೆ, ಕೇಳಿದವನಿಗೆ ಮಾಟೆ ಕೊಡದವರು ಇಲ್ಲ. ಲಾರಿ ನಿಂತು ಬಾಗಿಲು ತೆರೆಯುವಷ್ಟರಲ್ಲಿ ಎಲ್ಬಿಯೊ ಕೆಳಗೆ ನಿಂತು ಬಲಗೈ ಚಾಚಿ ಮಾಟೆ ಕೇಳುತ್ತಿದ್ದ. ಚಾಲಕ ಬುರುಡೆ ಕೊಡಲೇಬೇಕು. ಬುರುಡೆ ಕೊಟ್ಟ ಮೇಲೆ ಫ್ಲಾಸ್ಕನ್ನೂ ಕೊಡಲೇಬೇಕು, ನೀರಿಲ್ಲದೆ ಅವನು ಕುಡಿಯುವುದು ಹೇಗೆ. ಎರಡೂ ಕೊಟ್ಟ ಮೇಲೆ ಎರಡು ಕೈ ಖಾಲಿ. ಖಾಲಿ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಚಾಲಕ ಹಿಡಿಕೆ ಹಿಡಿಯುತ್ತಿದ್ದ. ಹಿಡಿಕೆ ಹಿಡಿದರೆ ಮುಖ ತಾನಾಗಿಯೇ ಗಾಡಿಯ ಕಡೆ ತಿರುಗುತ್ತದೆ.

ಹೀಗೆ ಒಂದು ಲಾರಿ ಮುಗಿದರೆ ಇನ್ನೊಂದು ಲಾರಿ. ಸಂಜೆಯ ಹೊತ್ತಿಗೆ ಅವನ ಹೊಟ್ಟೆಯಲ್ಲಿ ನಮ್ಮ ಹೊಳೆಯಷ್ಟು ಮಾಟೆ ಇರುತ್ತಿತ್ತು. ಒಬ್ಬೊಬ್ಬರದು ಒಂದೊಂದು ರುಚಿ. ಒಬ್ಬ ಸಕ್ಕರೆ ಹಾಕುತ್ತಾನೆ, ಇನ್ನೊಬ್ಬ ನೀರು ಕುದಿಸಿ ಸೊಪ್ಪು ಸುಡುತ್ತಾನೆ. ಎಲ್ಲವನ್ನೂ ಮುಖ ಕಿವಿಚದೆ ಕುಡಿದ. ಹೊಟ್ಟೆಯಲ್ಲಿ ಉರಿ, ರಾತ್ರಿ ನಿದ್ದೆಯಿಲ್ಲ. ನಾನು ಹಾಲು ಕೊಟ್ಟು ಬೈದೆ. ಕೆಲಸದ ಮೇಲಿದ್ದೀನಿ, ಬೈಬೇಡ, ಎಂದ. ಚಾಲಕರು ಅವನಿಗೆ ಒಣಗಂಟಲು ಎಂದು ಹೆಸರಿಟ್ಟರು. ಪಾಪ, ಭುಜದ ಜೊತೆ ಮರ್ಯಾದೆಯೂ ಹೋಯಿತು, ಎದುರಿಗೆ ಬಂದವರ ಹತ್ತಿರವೆಲ್ಲ ಕೇಳಿಕೊಂಡು ಕುಡಿಯುತ್ತಾನೆ ಎಂದು ಆಡಿಕೊಂಡರು. ಹಾಗೆ ಆಡಿಕೊಂಡವರೆಲ್ಲ ಎರಡೂ ಕೈಯಲ್ಲಿ ಹಿಡಿಕೆ ಹಿಡಿದು ಇಳಿಯುತ್ತಿದ್ದರು, ಅದು ಅವರ ಗಮನಕ್ಕೆ ಬರಲೇ ಇಲ್ಲ. ಆ ಕೊಯ್ಲಿನಲ್ಲಿ ಒಬ್ಬನೂ ಬೀಳಲಿಲ್ಲ.

ಉಳಿದದ್ದು ಅನಾಲಿಯಾ ಒಬ್ಬಳು. ಯಾರಿಗಾಗಿ ಇಷ್ಟು ಕುಡಿದನೋ ಅವಳೇ ಕೊಡಲಿಲ್ಲ. ಅವಳಿಗೆ ಅಪ್ಪನ ಉಪಾಯ ಗೊತ್ತು. ಅವನು ಕೈ ಚಾಚಿದರೆ, ಕೆಳಗೆ ಬಂದು ಕೊಡುತ್ತೇನೆ, ತಾಳು, ಎಂದು ಹೇಳಿ ಯಾವಾಗಿನಂತೆ ಹಾರುತ್ತಿದ್ದಳು. ಎಷ್ಟೋ ಸಲ ಅವನು ಬರುವುದನ್ನು ಕಂಡು ಮೈದಾನದ ಆ ತುದಿಗೆ ಹೋಗಿ ಗಾಡಿ ನಿಲ್ಲಿಸುತ್ತಿದ್ದಳು. ಅವನು ಅಷ್ಟು ದೂರ ಓಡುತ್ತಿದ್ದ. ತಲುಪುವಷ್ಟರಲ್ಲಿ ಅವಳು ಕೆಳಗೆ ನಿಂತು ಹೀರುತ್ತಿರುತ್ತಿದ್ದಳು.

ನನಗೆ ಸಿಟ್ಟು ಬಂತು. ಒಂದು ದಿನ ಅವಳಿಗೆ ಊಟ ಬಡಿಸಿ ತಟ್ಟೆ ಕೈಯಲ್ಲೇ ಹಿಡಿದುಕೊಂಡು, ಅವನಿಗೆ ಒಂದು ಬುರುಡೆ ಮಾಟೆ ಕೊಟ್ಟರೆ ನಿನ್ನ ಗಂಟೇನು ಹೋಗುತ್ತದೆ ಎಂದು ಕೇಳಿದೆ.

"ಚಿಕ್ಕಮ್ಮ, ಈ ಮೈದಾನದಲ್ಲಿ ಹೆಂಗಸು ಅಂತ ಇರೋಳು ನಾನೊಬ್ಬಳು. ನಾನು ಇಳಿಯೋದನ್ನ ಎಲ್ಲರೂ ನೋಡ್ತಾರೆ. ಕೆಳಗೆ ಅಪ್ಪ ಬಂದು ಕೈ ಚಾಚಿ ನಿಂತ್ಕೊಂಡ್ರೆ ಏನಂತಾರೆ? ಕೂಸನ್ನ ಇಳಿಸ್ಕೊಳ್ಳೋಕೆ ಬಂದ ಅಂತಾರೆ. ಬೇರೆಯೋರಿಗಾದ್ರೆ ಅವನು ಒಣಗಂಟಲು. ನನಗೆ ಅಪ್ಪ."

ಅವಳ ಮಾತಿನಲ್ಲೂ ಹುರುಳಿತ್ತು. ತಟ್ಟೆ ಕೊಟ್ಟೆ.

ಕೊಯ್ಲು ಮುಗಿಯುತ್ತ ಬಂದಿತ್ತು. ಎರಡು ದಿನದಿಂದ ಬಿಡದೆ ಮಳೆ. ಮಳೆ ಬಂದರೆ ನಮ್ಮಲ್ಲಿ ಎಲ್ಲರಿಗೂ ಕರಿದ ಹಿಟ್ಟಿನ ರೊಟ್ಟಿ ಬೇಕು. ನಾನು ಕಿಟಕಿಯ ಪಕ್ಕ ಒಲೆಯ ಮುಂದೆ ನಿಂತು ಕರಿಯುತ್ತಿದ್ದೆ. ಚಾಲಕರು ಸೂರಿನ ಕೆಳಗೆ ರೊಟ್ಟಿ ಹಿಡಿದು ನಿಂತಿದ್ದರು. ಅನಾಲಿಯಾಳ ಲಾರಿ ಬಂತು. ಬೇರೆಲ್ಲೂ ಜಾಗವಿರಲಿಲ್ಲ, ನಮ್ಮೆದುರಿಗೇ ನಿಲ್ಲಿಸಬೇಕಾಯಿತು. ಮೆಟ್ಟಿಲಿನಿಂದ ನೀರು ಸುರಿಯುತ್ತಿತ್ತು, ಒರಟು ಪಟ್ಟಿ ಎಂದೋ ಕಿತ್ತುಹೋಗಿತ್ತು. ಎಲ್ಬಿಯೊ ಹೋಗಿ ಅವಳ ಪಕ್ಕದ ಸೀಟಿನ ಕಡೆಯ ಬಾಗಿಲು ತಟ್ಟಿದ. ಅವಳು ಗಾಜು ಇಳಿಸಿದಳು. ಅವನು ಕೈ ಚಾಚಿದ.

"ನಿಜವಾಗ್ಲೂ ಬೇಕಿದ್ರೆ ಮೇಲೆ ಹತ್ತಿ ಬಾ, ಅಪ್ಪ," ಎಂದಳು.

ಬರಲಾರ ಎಂದುಕೊಂಡೇ ಹೇಳಿದಳು. ಬಿದ್ದ ಮೇಲೆ ಅವನು ಯಾವ ಲಾರಿಯನ್ನೂ ಹತ್ತಿರಲಿಲ್ಲ. ಎಲ್ಬಿಯೊ ಸ್ವಲ್ಪ ಹೊತ್ತು ಮಳೆಯಲ್ಲಿ ನಿಂತ. ಆಮೇಲೆ ಬಾಗಿಲು ತೆರೆದು, ಬಲಗೈಯಲ್ಲಿ ಮೇಲಿನ ಹಿಡಿಕೆ, ಎಡಗೈಯಲ್ಲಿ ಎದೆಮಟ್ಟದ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದ. ಸೂರಿನ ಕೆಳಗಿದ್ದವರು ಅಗಿಯುವುದನ್ನು ನಿಲ್ಲಿಸಿ ನೋಡಿದರು. ಅವನು ಒಳಗೆ ಹೋಗಿ ಕೂತ. ನಾನು ರೊಟ್ಟಿ ತಿರುವಿದೆ.

ಒಳಗೆ ನಡೆದದ್ದನ್ನು ಇಬ್ಬರೂ ನನಗೆ ಬೇರೆಬೇರೆಯಾಗಿ ಹೇಳಿದ್ದಾರೆ. ನಡೆದದ್ದು ಹೆಚ್ಚೇನಿಲ್ಲ. ಅವಳು ಮಾಟೆ ಹಾಕಿಕೊಟ್ಟಳು, ಅವನು ಕುಡಿದ. ಸೀಟು ಮುಂದಕ್ಕೆ ಎಳೆದಿದ್ದೀಯಲ್ಲ ಎಂದ. ನನ್ನ ಕಾಲು ಗಿಡ್ಡ ಎಂದಳು. ಇನ್ನೊಂದು ಕುಡಿದ. ಮುಂದಿನ ಗಾಡಿಗಳು ಚಲಿಸಿದವು, ಇವಳ ಸರದಿ ಹತ್ತಿರ ಬಂತು. ಸರಿ ಎಂದು ಅವನು ಬಾಗಿಲು ತೆರೆದ, ಕೆಳಗೆ ನೋಡಿದ, ಹಾಗೆಯೇ ಕೂತ.

ಹತ್ತುವಾಗ ಮನುಷ್ಯನಿಗೆ ನೆಲ ಕಾಣುವುದಿಲ್ಲ. ಇಳಿಯುವಾಗ ಅದೊಂದೇ ಕಾಣುತ್ತದೆ. ನಮ್ಮ ಎಲ್ಬಿಯೊ, ಊರಿಗೆಲ್ಲ ಇಳಿಯುವುದನ್ನು ಕಲಿಸಿದವನು, ತನ್ನದೇ ಲಾರಿಯ ಸೀಟಿನಲ್ಲಿ ಕೈಯಲ್ಲಿ ಬುರುಡೆ ಹಿಡಿದು ಕೂತಿದ್ದ. ಹಿಂದಿನ ಲಾರಿಯವನು ಹಾರ್ನ್ ಹೊಡೆದ. ಇಳಿಯಪ್ಪ, ಕಾಯ್ತಿದ್ದಾರೆ, ಎಂದಳು ಅನಾಲಿಯಾ.

"ಆಗ್ತಿಲ್ಲ ಮಗಳೇ," ಎಂದ.

ತಮಾಷೆ ಮಾಡುತ್ತಿದ್ದಾನೆ, ಇದೂ ಒಂದು ಉಪಾಯವಿರಬೇಕು ಎಂದೇ ಅವಳಿಗೆ ಮೊದಲು ಅನ್ನಿಸಿತಂತೆ. ತಿರುಗಿ ಅವನ ಮುಖ ನೋಡಿದಳು. ಆಮೇಲೆ ತನ್ನ ಕಡೆಯ ಬಾಗಿಲು ತೆರೆದು, ಅಭ್ಯಾಸ ಎಲ್ಲಿ ಹೋಗುತ್ತದೆ, ಫ್ಲಾಸ್ಕ್ ಕಂಕುಳಲ್ಲಿಟ್ಟುಕೊಂಡೇ ಹಾರಿದಳು. ಕೆಸರಿನಲ್ಲಿ ಅವಳ ಕಾಲು ಒಂದು ಮೊಳ ಜಾರಿದ್ದು ಲಾರಿಯ ಅಡಿಯಿಂದ ನನಗೆ ಕಂಡಿತು. ಹೇಗೋ ಸಾವರಿಸಿಕೊಂಡು ಲಾರಿಯ ಮೂತಿ ಸುತ್ತಿ ಈ ಕಡೆ ಓಡಿ ಬಂದಳು.

ಸೂರಿನ ಕೆಳಗಿದ್ದ ಇಬ್ಬರು ಚಾಲಕರು ರೊಟ್ಟಿಯನ್ನು ಬಾಯಲ್ಲಿ ಕಚ್ಚಿಕೊಂಡು ಸಹಾಯಕ್ಕೆ ಹೋದರು. ಅವಳು ಬೇಡವೆಂದು ಕೈ ಮಾಡಿದಳು. ಕೈ ಮಾಡಿದಾಗಲೇ ಕಂಕುಳಲ್ಲಿ ಫ್ಲಾಸ್ಕ್ ಇದೆಯೆಂದು ಅವಳಿಗೆ ಗೊತ್ತಾದದ್ದು. ಅದನ್ನು ತೆಗೆದು ಕೆಸರಿನಲ್ಲಿ ಇಟ್ಟಳು. ಅದು ವಾಲಿ ಬಿದ್ದಿತು. ಎತ್ತಲಿಲ್ಲ. ನಮ್ಮೂರಿನಲ್ಲಿ ಹಾಗೆ ಮಾಡಿದವರನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಬುರುಡೆ ಕೊಡು," ಎಂದಳು ಅಪ್ಪನಿಗೆ.

"ತುಂಬಿದೆ. ಚೆಲ್ಲುತ್ತೆ."

"ಚೆಲ್ಲಲಿ ಬಿಡು. ಕೊಡು ಇಲ್ಲಿ."

ಕೊಟ್ಟ. ಅರ್ಧ ಅವಳ ತೋಳಿನ ಮೇಲೆ ಚೆಲ್ಲಿತು. ಅದನ್ನೂ ಕೆಸರಿಗೆ ಹಾಕಿದಳು. ಮುಖ ಒಳಗೆ ಮಾಡಿ ತಿರುಗು ಎಂದಳು. ತಿರುಗಿದ. ಬಲಗೈ ಮೇಲೆ, ಎಡಗೈ ಕಂಬಿಗೆ ಎಂದಳು. ಹಿಡಿದ. ಬಲಗಾಲು ಇಳಿಸು ಎಂದಳು. ಅವನು ಇಳಿಸಿದ ಕಾಲು ಗಾಳಿಯಲ್ಲಿ ಮೆಟ್ಟಿಲು ಹುಡುಕುತ್ತ ಅತ್ತಿತ್ತ ಆಡಿತು. ಮೆಟ್ಟಿಲು ಅಲ್ಲೇ ಇತ್ತು, ಎರಡು ಬೆರಳಿನ ದೂರದಲ್ಲಿ. ಸಿಗಲಿಲ್ಲ. ಆ ಬೂಟು ನಡುಗುವುದು ನನ್ನ ಒಲೆಯ ಹತ್ತಿರದವರೆಗೆ ಕಾಣುತ್ತಿತ್ತು.

ಅನಾಲಿಯಾ ಎರಡೂ ಕೈಯಲ್ಲಿ ಆ ಬೂಟು ಹಿಡಿದುಕೊಂಡಳು. ಮೆಲ್ಲಗೆ ತಂದು ಮೆಟ್ಟಿಲಿನ ಮೇಲಿಟ್ಟಳು. ಇಟ್ಟ ಮೇಲೂ ಕೈ ತೆಗೆಯಲಿಲ್ಲ.

"ಇಲ್ಲಿದೆ ಅಪ್ಪ. ಈಗ ಭಾರ ಬಿಡು."

ಬಿಟ್ಟ. ಆಮೇಲೆ ಎಡಗಾಲು, ಅದನ್ನೂ ಅವಳೇ ಇಟ್ಟಳು. ಹೀಗೆ ಕೊನೆಯ ಮೆಟ್ಟಿಲವರೆಗೆ ಇಳಿಸಿ, ನೆಲಕ್ಕೆ ಬಂದ ಮೇಲೆ ಹಿಂದಿನಿಂದ ಅವನ ಸೊಂಟ ಹಿಡಿದುಕೊಂಡು ಮಳೆಯಲ್ಲಿ ನಿಂತಿದ್ದಳು. ಹಿಂದಿನ ಲಾರಿಯವನು ಮತ್ತೆ ಹಾರ್ನ್ ಹೊಡೆಯಲಿಲ್ಲ. ಕೂಸು ಎಂದು ಯಾರೂ ಅನ್ನಲಿಲ್ಲ. ನನಗೆ ಅಳು ಬಂತು, ಅತ್ತುಬಿಟ್ಟೆ. ಬಾಣಲೆಯಲ್ಲಿದ್ದ ರೊಟ್ಟಿ ಸುಟ್ಟು ಕರಿಯಾಯಿತು. ಚಾಲಕರು ಅದನ್ನೂ ತಿಂದರು.

ಆಮೇಲೆ ಅವಳು ನನ್ನ ನಲ್ಲಿಯಲ್ಲಿ ಫ್ಲಾಸ್ಕ್ ತೊಳೆಯಲು ಬಂದಳು. ಬಹಳ ಹೊತ್ತು ತೊಳೆದಳು.

"ಅವನಿಗೆ ಹೆದರಿಕೆ ಇದೆ ಅಂತ ನನಗೆ ಗೊತ್ತಿರಲಿಲ್ಲ ಚಿಕ್ಕಮ್ಮ. ಬರೀ ಬುದ್ಧಿ ಹೇಳೋ ಚಟ ಅಂದ್ಕೊಂಡಿದ್ದೆ."

ನನಗೂ ಗೊತ್ತಿರಲಿಲ್ಲ ಎಂದು ಹೇಳಿದೆ. ಅದು ನಿಜ. ಅವನು ಬೀಳುವುದನ್ನು ನೋಡಿದ್ದೆ ಅಷ್ಟೆ. ಅವನು ಅದೇ ಬೀಳುವಿಕೆಯನ್ನು ಅವಳು ಇಳಿದಾಗಲೆಲ್ಲ ನೋಡುತ್ತಿದ್ದ ಎಂಬುದು ನನ್ನ ತಲೆಗೆ ಹೊಳೆದಿರಲಿಲ್ಲ.

ಮುಂದಿನ ವಾರ ಅವಳು ಬಂದಾಗ ಬಿಸಿಲಿತ್ತು, ಮೆಟ್ಟಿಲು ಒಣಗಿತ್ತು. ಎಲ್ಬಿಯೊ ಗೇಟಿನ ಹತ್ತಿರ ಯಾರದೋ ಫ್ಲಾಸ್ಕ್ ಹಿಡಿದು ಯಾರದೋ ಸಿಹಿ ಮಾಟೆ ಹೀರುತ್ತಿದ್ದ, ಈ ಕಡೆ ಬೆನ್ನು ಮಾಡಿದ್ದ. ಅನಾಲಿಯಾ ಬಾಗಿಲು ತೆರೆದಳು. ಸುತ್ತ ಯಾರಿದ್ದಾರೆಂದು ನೋಡಲಿಲ್ಲ. ಫ್ಲಾಸ್ಕನ್ನೂ ಬುರುಡೆಯನ್ನೂ ಬಾಗಿಲ ಅಂಚಿನಲ್ಲಿ ಕ್ಯಾಬಿನ್ನಿನ ನೆಲದ ಮೇಲಿಟ್ಟು, ಗಾಡಿಯ ಕಡೆ ತಿರುಗಿ, ಎರಡೂ ಹಿಡಿಕೆ ಹಿಡಿದು ಇಳಿದಳು. ಕೆಳಗೆ ನಿಂತ ಮೇಲೆ ಕೈ ಚಾಚಿ ಅವನ್ನು ತೆಗೆದುಕೊಂಡಳು. ಇಷ್ಟು ಸುಲಭದ ದಾರಿ ಇದೆಯೆಂದು ನಮ್ಮ ದೇಶದಲ್ಲಿ ಇಷ್ಟು ವರ್ಷ ಯಾರಿಗೂ ತೋಚಿರಲಿಲ್ಲ.

ಎಲ್ಬಿಯೊ ಮಧ್ಯಾಹ್ನ ಹಾಲು ಕುಡಿಯಲು ಬಂದಾಗ ಹೇಳಿದೆ. ಲೋಟ ಕೆಳಗಿಟ್ಟ.

"ಎರಡೂ ಕೈ?"

"ಎರಡೂ ಕೈ."

"ಮುಖ?"

"ಗಾಡಿ ಕಡೆ."

"ಕೊನೇ ಮೆಟ್ಟಿಲು? ಹಾರಲಿಲ್ಲವಾ?"

"ಹಾರಲಿಲ್ಲ. ಕಾಲಿಟ್ಟೇ ಇಳಿದಳು."

ಮೊದಲಿನಿಂದ ಹೇಳು ಎಂದ. ಬಾಗಿಲು ತೆರೆದಲ್ಲಿಂದ ಹೇಳಿದೆ. ಮುಗಿಸಿದ ಮೇಲೆ, ಮೊದಲು ಯಾವ ಕಾಲು ಇಳಿಸಿದಳು ಎಂದು ಕೇಳಿದ. ನನಗೆ ಕೆಲಸವಿತ್ತು, ರೇಗಿತು. ಅಷ್ಟು ಬೇಕಿದ್ದರೆ ಅಲ್ಲೇ ನಿಂತಿದ್ದಾಳೆ, ಹೋಗಿ ಅವಳನ್ನೇ ಕೇಳು ಎಂದೆ.

ಎಲ್ಬಿಯೊ ಕಿಟಕಿಯಿಂದ ನೋಡಿದ. ಅನಾಲಿಯಾ ಬೇರೆ ಚಾಲಕರ ಜೊತೆ ನಿಂತು ಏನನ್ನೋ ಹೇಳಿ ನಗುತ್ತಿದ್ದಳು, ಕಂಕುಳಲ್ಲಿ ಫ್ಲಾಸ್ಕ್.

"ಬೇಡ. ನಾನು ಕೇಳಿದ್ರೆ ಹಂಗೆ ಇಳಿಯೋದನ್ನ ನಿಲ್ಲಿಸಿಬಿಡ್ತಾಳೆ," ಎಂದ. "ನೀನೇ ಇನ್ನೊಂದ್ಸಲ ಹೇಳು."

ಹೇಳಿದೆ.